ಎರಡು ತಾಲೂಕುಗಳ ನಡುವಿನ ಗೆರೆ



ಭರತ ಹುಣ್ಣಿಮೆ ಕಳೆದು, ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ಕಾರ್ಣಿಕ ನುಡಿದರೆಂದರೆ ಸಾಕು, ನಮ್ಮ ಸೀಮೆಯಲ್ಲಿ ಎರಡು ಬಗೆಯ ವ್ಯಾಖ್ಯಾನಗಳು ಹುಟ್ಟಿಕೊಳ್ಳುತ್ತವೆ. ಒಂದು ಮಳೆ ಬೆಳೆಯನ್ನು ಕುರಿತದ್ದು, ಮತ್ತೊಂದು ರಾಜಕಾರಣವನ್ನು ಕುರಿತದ್ದು. ಕಟ್ಟೆಯ ಮೇಲೆ ಕುಳಿತ ಹಿರಿಯರು ಆ ಒಂದು ನುಡಿಯನ್ನು ಹತ್ತಿಯಂತೆ ಹಿಂಜಿ ಹಿಂಜಿ, ಯಾವ ಸರ್ಕಾರ ಉಳಿದೀತು, ಯಾರ ಕುರ್ಚಿ ಅಲುಗಾಡೀತು ಎಂದು ಅರ್ಥ ಹಚ್ಚುತ್ತಾರೆ. ಈ ತಿಂಗಳು ನಾವು ಬರೆಯಹೊರಟಿರುವುದೂ ರಾಜಕಾರಣಿಗಳ ವಿಷಯವೇ. ಆದರೆ ಯಾರ ಕುರ್ಚಿ ಉಳಿಯಿತೆಂಬುದನ್ನಲ್ಲ, ಯಾರ ಸಹಿಯಿಂದ ಯಾರ ಮನೆಯ ಜೀವ ಉಳಿಯಿತೆಂಬುದನ್ನು.

ನಮಗೆ ಬಹುಕಾಲದಿಂದ ಪರಿಚಿತವಾದ ಒಂದು ಮನೆತನವಿದೆ. ಹೆಸರು ಬೇಡ. ಆ ಮನೆಯ ಹಿರಿಯ ಮಗಳನ್ನು ಹಡಗಲಿ ತಾಲೂಕಿನ ಹಳ್ಳಿಗೂ ಕಿರಿಯಳನ್ನು ಹರಪನಹಳ್ಳಿ ತಾಲೂಕಿನ ಹಳ್ಳಿಗೂ ಕೊಟ್ಟಿದ್ದರು. ಎರಡೂ ಮಳೆ ನಂಬಿದ ಮನೆಗಳು, ಎರಡೂ ಮನೆಗಳಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗೆ ಕೊಡುವ ಪಡಿತರ ಚೀಟಿ. 2011ರಲ್ಲಿ ಹಿರಿಯಳ ಯಜಮಾನರಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಊರ ಸಮೀಪ ನಡೆದ ತಪಾಸಣಾ ಶಿಬಿರದಲ್ಲಿ ವೈದ್ಯರು ನೋಡಿ, ಚೀಟಿಯನ್ನು ಪರಿಶೀಲಿಸಿ, ದೊಡ್ಡ ಆಸ್ಪತ್ರೆಗೆ ಕಳುಹಿಸಿಕೊಟ್ಟರು. ಶಸ್ತ್ರಚಿಕಿತ್ಸೆಯಾಗಿ ಹಿಂದಿರುಗುವಾಗ ಆ ಮನೆಯವರ ಕೈಯಿಂದ ಹೋದದ್ದು ಜೊತೆಗಿದ್ದವರ ಊಟ ವಸತಿಯ ಖರ್ಚಷ್ಟೇ. ಅದೇ ವರ್ಷದ ಕೊನೆಯಲ್ಲಿ ಕಿರಿಯಳ ಯಜಮಾನರಿಗೆ ಗಂಟಲಿನ ಕ್ಯಾನ್ಸರ್ ಎಂದು ತಿಳಿಯಿತು. ಅಕ್ಕನ ಮನೆಯ ಅನುಭವದ ಧೈರ್ಯದಿಂದ ಅವರೂ ಚೀಟಿ ಹಿಡಿದು ಹೋದರು. ಆಸ್ಪತ್ರೆಯವರು ಚೀಟಿಯನ್ನು ತಿರುಗಿಸಿ ನೋಡಿ, ಈ ಯೋಜನೆ ನಿಮ್ಮ ಜಿಲ್ಲೆಗೆ ಇನ್ನೂ ಬಂದಿಲ್ಲ ಎಂದರು. ಎರಡು ಎಕರೆ ಹೊಲ ಮಾರಿದರು. ಜೀವ ಉಳಿಯಿತು, ಹೊಲ ಉಳಿಯಲಿಲ್ಲ.

ಅಕ್ಕ ತಂಗಿಯರ ಊರುಗಳ ನಡುವೆ ಹೊಳೆಯಿಲ್ಲ, ಗುಡ್ಡವಿಲ್ಲ. ಇದ್ದದ್ದು ಕಾಗದದ ಮೇಲಿನ ಒಂದು ಗೆರೆ. ಆ ಗೆರೆಯ ಕಥೆಯೇ ನಮ್ಮ ಇಂದಿನ ಕಥೆ.

1997ರಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ ಹೊಸ ಜಿಲ್ಲೆಗಳು ರಚನೆಯಾದವು. ಅದುವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯು ದಾವಣಗೆರೆ ಜಿಲ್ಲೆಗೆ ಸೇರಿತು. ಹತ್ತಿರದ ಊರೇ ಜಿಲ್ಲಾ ಕೇಂದ್ರವಾಯಿತೆಂದು ಸಮಾಧಾನಪಟ್ಟವರು ಬಹಳ ಮಂದಿ. ಆದರೆ ಬಳ್ಳಾರಿಯು ಗುಲ್ಬರ್ಗ ವಿಭಾಗದಲ್ಲಿ ಉಳಿಯಿತು, ದಾವಣಗೆರೆಯು ಬೆಂಗಳೂರು ವಿಭಾಗದಲ್ಲಿತ್ತು. ಇದರಿಂದ ಮುಂದೆ ಏನಾದೀತೆಂದು ಅಂದು ಯಾರೂ ಎಣಿಸಿರಲಿಲ್ಲ. ಹದಿಮೂರು ವರ್ಷಗಳ ತರುವಾಯ, 2010ರಲ್ಲಿ, ಬಿ.ಎಸ್. ಯಡಿಯೂರಪ್ಪನವರ ಸರ್ಕಾರವು ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಗುಲ್ಬರ್ಗ ವಿಭಾಗದಿಂದ ಆರಂಭಿಸಿತು. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರರೋಗ, ಸುಟ್ಟಗಾಯ ಮೊದಲಾದ ದೊಡ್ಡ ಕಾಯಿಲೆಗಳಿಗೆ ಕುಟುಂಬವೊಂದಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿಗಳವರೆಗೆ, ಅಗತ್ಯಬಿದ್ದರೆ ಇನ್ನೂ 50,000 ರೂಪಾಯಿಗಳವರೆಗೆ ಉಚಿತ ಚಿಕಿತ್ಸೆ. ಕಂತು ಕಟ್ಟುವ ಹಾಗಿಲ್ಲ, ಹೆಸರು ನೋಂದಾಯಿಸುವ ಹಾಗಿಲ್ಲ, ಪಡಿತರ ಚೀಟಿಯೇ ಸಾಕು. ಬಳಿಕ ಬೆಳಗಾವಿ ವಿಭಾಗಕ್ಕೆ ಬಂದಿತು. ಬೆಂಗಳೂರು ಮತ್ತು ಮೈಸೂರು ವಿಭಾಗಗಳಿಗೆ ಬರಲು 2012 ಆಗಬೇಕಾಯಿತು. ಹಿಂದುಳಿದ ಸೀಮೆಯಿಂದ ಆರಂಭಿಸಿದ್ದು ನ್ಯಾಯವೇ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಡಗಲಿಯಷ್ಟೇ ಬರಡಾದ ಹರಪನಹಳ್ಳಿಯು ಗೆರೆಯ ಆಚೆಗೆ ಉಳಿದುಬಿಟ್ಟಿತು.

ಇದು ಒಂದು ಮನೆಯ ದುರ್ದೈವವಷ್ಟೇ ಎಂದು ಯಾರಾದರೂ ಹೇಳಿದರೆ ಅವರಿಗೆ ಒಂದು ಲೆಕ್ಕವನ್ನು ತೋರಿಸಬಹುದು. ಈ ಗೆರೆಯ ಎರಡೂ ಬದಿಯ ಹಳ್ಳಿಗಳನ್ನು ಸಂಶೋಧಕರು ಅಧ್ಯಯನ ಮಾಡಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಯೋಜನೆ ಬಂದಿದ್ದ 300 ಹಳ್ಳಿಗಳು, ಬಾರದಿದ್ದ 272 ಹಳ್ಳಿಗಳು. ಯೋಜನೆಯ ವ್ಯಾಪ್ತಿಯಲ್ಲಿದ್ದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಮರಣ, ಯೋಜನೆಯಿಲ್ಲದ ಕಡೆ ಶೇಕಡಾ 0.90, ಯೋಜನೆಯಿದ್ದ ಕಡೆ 0.32. ಸಾವಿರಕ್ಕೆ ಒಂಬತ್ತಿದ್ದದ್ದು ಮೂರಕ್ಕೆ ಇಳಿದಂತಾಯಿತು. ಯೋಜನೆಯ ಲಾಭವಿಲ್ಲದ ಉಳ್ಳವರ ಮನೆಗಳಲ್ಲಿ ಎರಡೂ ಬದಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇದು ನೀರಿನ ಗುಣವಲ್ಲ, ಗಾಳಿಯ ಗುಣವಲ್ಲ, ಚೀಟಿಯ ಗುಣ.

ಹಾಗಾದರೆ ಇಂಥ ಚೀಟಿ ನಮ್ಮ ನಾಡಿಗೆ ಬಂದದ್ದು ಹೇಗೆ? ಇದರ ಬೇರು ವಿಧಾನಸೌಧದಲ್ಲಿಲ್ಲ, ಸಹಕಾರಿ ಸಂಘದ ಪುಸ್ತಕದಲ್ಲಿದೆ. ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಅಂದಿನಿಂದ ಸಹಕಾರಿ ಸಂಘ ಎಂದರೆ ನಮ್ಮ ರೈತರಿಗೆ ಮನೆಯ ಮಾತು. ಸಾಲಕ್ಕೆ, ಬೀಜಕ್ಕೆ, ಹಾಲಿಗೆ ಒಂದಾದವರು ಕಾಯಿಲೆಗೆ ಏಕೆ ಒಂದಾಗಬಾರದು ಎಂಬ ಪ್ರಶ್ನೆಗೆ ಉತ್ತರ ಸಿಗಲು ಮಾತ್ರ ಒಂದು ಶತಮಾನ ಹಿಡಿಯಿತು. ಹೃದಯತಜ್ಞ ಡಾ. ದೇವಿ ಶೆಟ್ಟಿಯವರು ಆ ಆಲೋಚನೆಯನ್ನು ಮುಂದಿಟ್ಟರು. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ಅದಕ್ಕೆ ಸರ್ಕಾರದ ಹೆಗಲು ಕೊಟ್ಟರು. 2002ರ ನವೆಂಬರ್ 14ರಂದು ಉದ್ಘಾಟನೆಗೊಂಡ ಯಶಸ್ವಿನಿ ಯೋಜನೆಯು 2003ರ ಜೂನ್ 1ರಿಂದ ಜಾರಿಗೆ ಬಂದಿತು. ಸಹಕಾರಿ ಸಂಘದ ಸದಸ್ಯನು ತಲಾ ವರ್ಷಕ್ಕೆ 60 ರೂಪಾಯಿ, ಎಂದರೆ ತಿಂಗಳಿಗೆ 5 ರೂಪಾಯಿ ಕಟ್ಟಿದರೆ, ಪಟ್ಟಿಯಲ್ಲಿದ್ದ ಶಸ್ತ್ರಚಿಕಿತ್ಸೆಗಳು ಖಾಸಗಿ ಆಸ್ಪತ್ರೆಗಳಲ್ಲಿಯೂ ಹಣವಿಲ್ಲದೆ ದೊರೆಯುತ್ತಿದ್ದವು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಬೀಡಿ ಕಟ್ಟಿಗೆ ಕೊಡುವ ಹಣದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಎಂದು ಅಂದು ಜನ ನಗೆಯಾಡಿದ್ದುಂಟು. ನಗೆಯಾಡಿದವರೇ ಬಳಿಕ ಸಂಘದ ಕಾರ್ಯದರ್ಶಿಯ ಮನೆಗೆ ಎಡತಾಕಿದರು.

ಇದಕ್ಕೆ ದೂರದ ವೇಲ್ಸ್ ಸೀಮೆಯಲ್ಲಿ ಒಬ್ಬ ಅಣ್ಣನಿದ್ದಾನೆ. ಟ್ರೆಡೀಗರ್ ಎಂಬ ಗಣಿ ಊರಿನ ಕೂಲಿಕಾರರು ತಮ್ಮ ವಾರದ ಕೂಲಿಯಲ್ಲಿ ಕೆಲವು ಕಾಸುಗಳನ್ನು ಮುರಿದುಕೊಟ್ಟು, ತಮ್ಮದೇ ವೈದ್ಯಕೀಯ ನೆರವಿನ ಸಂಘವನ್ನು ನಡೆಸುತ್ತಿದ್ದರು. ಅದೇ ಊರಿನಲ್ಲಿ 1897ರಲ್ಲಿ ಹುಟ್ಟಿ, ಹದಿಮೂರರ ಹರೆಯಕ್ಕೇ ಗಣಿಗೆ ಇಳಿದು, ಗಣಿಯ ಧೂಳಿನಿಂದ ಶ್ವಾಸಕೋಶ ಕೆಟ್ಟ ತಂದೆಯನ್ನು ಕಳೆದುಕೊಂಡವರು ಅನೈರಿನ್ ಬೆವನ್. 1945ರಲ್ಲಿ ಅವರು ಬ್ರಿಟನ್ನಿನ ಆರೋಗ್ಯ ಸಚಿವರಾದರು. ವೈದ್ಯರ ಸಂಘ ಕಡೆಯವರೆಗೂ ವಿರೋಧಿಸಿತು. ಅದನ್ನು ಮೀರಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದರು. ಬಡವ ಬಲ್ಲಿದನೆಂಬ ಭೇದವಿಲ್ಲದೆ ಎಲ್ಲರಿಗೂ ಚಿಕಿತ್ಸೆ, ಹಣ ತೆರಿಗೆಯಿಂದ. ತಮ್ಮ ಊರಿನ ಸಂಘದ ಪದ್ಧತಿಯನ್ನೇ ಅವರು ನಾಡಿಗೆಲ್ಲ ವಿಸ್ತರಿಸಿದರು. 1951ರಲ್ಲಿ ಕೃತಕ ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಹಾಕಲು ಅವರದೇ ಸರ್ಕಾರ ಹೊರಟಾಗ ಮಂತ್ರಿಪದವಿಯನ್ನೇ ಬಿಟ್ಟು ಹೊರಬಂದರು. ಹಲ್ಲಿನ ಸೆಟ್ಟಿಗಾಗಿ ಮಂತ್ರಿಗಿರಿ ಬಿಡುವವರು ನಮ್ಮಲ್ಲಿ ಎಷ್ಟು ಮಂದಿ ಸಿಕ್ಕಾರು ಎಂದು ಕೇಳಿದರೆ ನಮ್ಮ ಮೇಲೆ ಮುನಿಯಬಾರದು.

ಎರಡೂ ಕಡೆ ಜನರು ಮೊದಲು ತಮ್ಮ ಕಾಯಕದ ಗಳಿಕೆಯಲ್ಲಿ ಒಂದು ಪಾಲನ್ನು ಸಮುದಾಯಕ್ಕಾಗಿ ತೆಗೆದಿರಿಸಿದರು. ರಾಜಕಾರಣಿಯು ಆ ವೃತ್ತವನ್ನು ಹಿಗ್ಗಿಸಿದನು. ಇದಕ್ಕೆ ನಮ್ಮ ಶರಣ ಪರಂಪರೆಯಲ್ಲಿ ದಾಸೋಹ ಎಂಬ ಹೆಸರೇ ಇದೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನಿಗೆ ಕೊಟ್ಟೆನೆಂಬ ಅಹಂಕಾರವಿಲ್ಲ, ಪಡೆಯುವವನಿಗೆ ಸಂಕೋಚವಿಲ್ಲ. ವೈದ್ಯವೃತ್ತಿಯನ್ನೇ ಕಾಯಕವನ್ನಾಗಿ ಮಾಡಿಕೊಂಡ ವೈದ್ಯ ಸಂಗಣ್ಣನವರಂಥ ಶರಣರು ನಮ್ಮಲ್ಲಿದ್ದರು. ಹೀಗಿರುವಾಗ ಆರೋಗ್ಯದ ಕಾರ್ಡಿನ ಮೇಲೆ, ಆಂಬುಲೆನ್ಸಿನ ಮೈಮೇಲೆ ಭಾವಚಿತ್ರ ಅಚ್ಚಾಗುವುದನ್ನು ನೋಡಿದಾಗ ನಮಗೆ ಮುಜುಗರವಾಗುತ್ತದೆ. ಸಾಹೇಬರು ಕೊಟ್ಟರು ಎಂದು ನಮ್ಮ ಮನೆಗಳ ಹೆಣ್ಣುಮಕ್ಕಳು ಕೈಮುಗಿಯುವುದನ್ನು ಕಂಡಾಗ ಇನ್ನೂ ಹೆಚ್ಚು. ಕೊಟ್ಟದ್ದು ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ತೆತ್ತ ಅವರೇ.

ಹಾಗೆಂದು ರಾಜಕಾರಣಿಗಳ ಪಾಲನ್ನು ನಾವು ಹಗುರಗೊಳಿಸುತ್ತಿಲ್ಲ. ಸಂಘ ಎಷ್ಟೇ ದೊಡ್ಡದಾದರೂ ಸಂಘದ ಹೊರಗೊಬ್ಬನು ಉಳಿದೇ ಉಳಿಯುತ್ತಾನೆ. ಯಶಸ್ವಿನಿಯಲ್ಲಿ ಸಹಕಾರಿ ಸದಸ್ಯತ್ವವಿಲ್ಲದ ಕೂಲಿಕಾರ ಹೊರಗುಳಿದನು, ಆರೋಗ್ಯಶ್ರೀಯಲ್ಲಿ ಬಡತನದ ಚೀಟಿಯಿಲ್ಲದ ಕೆಳಮಧ್ಯಮ ವರ್ಗದವನು ಹೊರಗುಳಿದನು, ಗೆರೆಯ ಆಚೆಗಿನ ನಮ್ಮ ತಂಗಿಯೂ ಉಳಿದಳು. ಈ ಎಲ್ಲ ಬಿಡಿ ಯೋಜನೆಗಳನ್ನು ಕೂಡಿಸಿ, ನಾಡಿನ ಎಲ್ಲ ಕುಟುಂಬಗಳಿಗೂ ಅನ್ವಯಿಸುವಂತೆ ಸಿದ್ದರಾಮಯ್ಯನವರ ಸರ್ಕಾರವು 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕವನ್ನು ಆರಂಭಿಸಿತು. ಆಗ ಕೆ.ಆರ್. ರಮೇಶ್ ಕುಮಾರ್ ಆರೋಗ್ಯ ಸಚಿವರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಒಂದಾಯಿತು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಉಚಿತ, ಉಳಿದವರಿಗೆ ನಿಗದಿತ ದರದ ಶೇಕಡಾ 30ರಷ್ಟನ್ನು ಸರ್ಕಾರವೇ ಭರಿಸುವುದು. ಯಶಸ್ವಿನಿಯನ್ನು ಆಗ ನಿಲ್ಲಿಸಿದರು. ಸಹಕಾರಿಗಳು ಬಿಡಲಿಲ್ಲ. ಬಸವರಾಜ ಬೊಮ್ಮಾಯಿಯವರ ಕಾಲದಲ್ಲಿ, 2022ರಲ್ಲಿ ಮತ್ತೆ ನೋಂದಣಿ ಆರಂಭವಾಗಿ 2023ರ ಜನವರಿಯಿಂದ ಜಾರಿಗೆ ಬಂದಿತು. ಪಕ್ಷ ಬೇರೆ ಬೇರೆ, ಯೋಜನೆಯ ಹೆಸರು ಬೇರೆ ಬೇರೆ. ಒಬ್ಬರು ಹಾಕಿದ ಅಡಿಪಾಯವನ್ನು ಮತ್ತೊಬ್ಬರು ಕಿತ್ತೊಗೆಯದೆ ಅದರ ಮೇಲೆಯೇ ಕಟ್ಟಿದ್ದು ನಮ್ಮ ರಾಜಕಾರಣದಲ್ಲಿ ಅಪರೂಪದ ಸಂಗತಿ. ಹೆಸರು ಬದಲಾಯಿಸುವ ಚಪಲವೊಂದನ್ನು ಬಿಟ್ಟಿದ್ದರೆ ಹಳ್ಳಿಯ ಜನಕ್ಕೆ ಗೊಂದಲವಾದರೂ ತಪ್ಪುತ್ತಿತ್ತು.

ಆದರೂ ಬೆವನ್ ಅವರ ಸೇವೆಗೂ ನಮ್ಮ ಕಾರ್ಡಿಗೂ ಒಂದು ಅಂತರವಿದೆ. ಅವರು ಆಸ್ಪತ್ರೆಗಳನ್ನೇ ನಾಡಿನ ಸ್ವತ್ತಾಗಿ ಮಾಡಿದರು. ನಾವು ಆಸ್ಪತ್ರೆಯ ಬಿಲ್ಲನ್ನು ನಾಡಿನ ಹೊಣೆಯಾಗಿ ಮಾಡಿದ್ದೇವೆ. ಆಸ್ಪತ್ರೆಯೇ ಇಲ್ಲದ ಕಡೆ ಬಿಲ್ಲು ಎಲ್ಲಿಂದ ಬರಬೇಕು? ಯೋಜನೆಯ ನಿಯಮದಂತೆ ತುರ್ತು ಪ್ರಸಂಗಗಳನ್ನು ಬಿಟ್ಟರೆ ರೋಗಿಯು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲವೆಂದಾದರೆ ಅಲ್ಲಿನ ವೈದ್ಯರ ಶಿಫಾರಸು ಪತ್ರ ಪಡೆದು ಮುಂದಿನ ಆಸ್ಪತ್ರೆಗೆ ಸಾಗಬೇಕು. ನಿಯಮ ಸರಿಯಾದದ್ದೇ. ಸರ್ಕಾರಿ ಆಸ್ಪತ್ರೆ ಬಲಗೊಳ್ಳಲೆಂದೇ ಅದನ್ನು ಮಾಡಿರುವುದು. ಆದರೆ ಮೈಲಾರದಿಂದ ಹೊರಟ ರೋಗಿಯು ಹಡಗಲಿಗೆ ಬಂದು ಪತ್ರ ಪಡೆದು, ದಾವಣಗೆರೆಗೋ ಹುಬ್ಬಳ್ಳಿಗೋ ಬಳ್ಳಾರಿಗೋ ಬಸ್ಸು ಹಿಡಿಯುವಾಗ ಆತನ ಜೊತೆಗೆ ಇಬ್ಬರು ಕೂಲಿ ಬಿಟ್ಟು ನಡೆಯಬೇಕಾಗುತ್ತದೆ. ಆ ಕೂಲಿ ಯಾವ ಪಟ್ಟಿಯಲ್ಲಿಯೂ ಇಲ್ಲ. ನಮ್ಮ ಸಮಾಜದ ಹಿರಿಯರೂ ಮಠಗಳೂ ದಾವಣಗೆರೆ, ಬೆಳಗಾವಿಗಳಲ್ಲಿ ವೈದ್ಯಕೀಯ ಮಹಾವಿದ್ಯಾಲಯಗಳನ್ನು ಕಟ್ಟಿದ್ದು ನಮಗೆ ಅಭಿಮಾನದ ವಿಷಯ. ಅಲ್ಲಿ ಓದಿದ ನಮ್ಮ ಮಕ್ಕಳು ಹಡಗಲಿ, ಕೂಡ್ಲಿಗಿ, ಕೊಟ್ಟೂರುಗಳ ಸರ್ಕಾರಿ ಆಸ್ಪತ್ರೆಗೆ ಬರಲು ಹಿಂಜರಿಯುವುದು ಅಷ್ಟು ಅಭಿಮಾನದ ವಿಷಯವಲ್ಲ. ಇದಕ್ಕೆ ರಾಜಕಾರಣಿಯನ್ನು ಮಾತ್ರ ಬೈದು ಪ್ರಯೋಜನವಿಲ್ಲ, ವರದಕ್ಷಿಣೆಯ ಲೆಕ್ಕದಲ್ಲಿ ನಗರದ ನರ್ಸಿಂಗ್ ಹೋಮನ್ನು ಎಣಿಸುವ ಮನೆಗಳು ನಮ್ಮಲ್ಲಿಯೇ ಇವೆ.

ಹರಪನಹಳ್ಳಿಯು 2018ರಲ್ಲಿ ಮರಳಿ ಬಳ್ಳಾರಿ ಜಿಲ್ಲೆಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹಡಗಲಿ, ಹರಪನಹಳ್ಳಿ ಎರಡೂ ಅದರೊಳಗೆ ಬಂದವು. ಈಗ ಅಕ್ಕ ತಂಗಿಯರದು ಒಂದೇ ಜಿಲ್ಲೆ, ಒಂದೇ ಬಗೆಯ ಕಾರ್ಡು. ಕಳೆದ ಜಾತ್ರೆಯಲ್ಲಿ ಇಬ್ಬರೂ ಕೂಡಿಯೇ ಸಿಕ್ಕಿದ್ದರು. ತಂಗಿಯು ಬಂಡಾರ ಹಚ್ಚಿಕೊಂಡು ನಗುನಗುತ್ತಲೇ ಮಾತನಾಡಿದಳು. ಮೈಲಾರಕ್ಕೆ ಬರುವ ಬಸ್ಸು ಆ ಎರಡು ಎಕರೆಯ ಬದಿಯಲ್ಲಿಯೇ ಹಾದು ಬರುತ್ತದಂತೆ. ಈ ವರ್ಷ ಕೊಂಡವರು ಅದರಲ್ಲಿ ಮೆಕ್ಕೆಜೋಳ ಹಾಕಿದ್ದರು, ತೆನೆ ಚೆನ್ನಾಗಿ ಕಟ್ಟಿತ್ತು ಎಂದಳು.