ಹಳೆಯ ಲ್ಯಾಪ್‌ಟಾಪ್ ಕಸವಲ್ಲ

‘ಹಳೇ ಲ್ಯಾಪ್‌ಟಾಪಿಗೆ ದುಡ್ಡು ಸುರಿಯಬೇಡಿ, ಸಾಲವಾದರೂ ಸರಿ, ತೆಳ್ಳನೆಯ ಹೊಸದನ್ನೇ ಕೊಳ್ಳಿ’ ಎಂಬ ಲೇಖಕರೊಬ್ಬರ ಸಲಹೆಯನ್ನು ಒಪ್ಪಲಾರೆ. ಮಗಳ ಓದಿಗೆಂದು ಕುರಿ ಮಾರುವ ಬಂಡೂರಿನ ಮನೆಗೆ ಇದು ದುಬಾರಿ ಉಪದೇಶ. ತೆಳ್ಳನೆಯ ಅನೇಕ ಮಾದರಿಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. 8 ಜಿಬಿ ತಂದರೆ ಕೊನೆಯವರೆಗೂ ಅಷ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ, ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳ ತಳ ಬಿಚ್ಚಿಸಿ ನೋಡಿ: ಎಷ್ಟೋ ಮಾದರಿಗಳಲ್ಲಿ ರ‍್ಯಾಮ್‌ಗೆ ಸ್ಲಾಟ್ ಇದೆ, ಎಸ್‌ಎಸ್‌ಡಿ ಒಂದೇ ಸ್ಕ್ರೂನಲ್ಲಿ ಕೂತಿದೆ. ಎರಡನ್ನೂ ಮುಂದೆ ಕೈಯಲ್ಲಿ ಕಾಸಾದಾಗ ಹೆಚ್ಚಿಸಿಕೊಳ್ಳಬಹುದು. ಇಂಟೆಲ್ ಆದರೆ 8ನೇ ತಲೆಮಾರಿಗಿಂತ ಹಳೆಯದು ಬೇಡ. ಅಂಥವಕ್ಕೆ ಸಾಮಾನ್ಯವಾಗಿ ವಿಂಡೋಸ್ 11 ಅಧಿಕೃತವಾಗಿ ಸಿಗದು, ವಿಂಡೋಸ್ 10ರ ಬೆಂಬಲವೋ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಮಳವಳ್ಳಿ ಬಸ್ಸಿನಲ್ಲಿ ನಿಂತೇ ಹೋಗುವ ಹುಡುಗಿಗೆ ತೂಕ ಮುಖ್ಯ, ನಿಜ. ಒಂದೂವರೆ ಕಿಲೋ ಒಳಗಿನ 14 ಇಂಚಿನವು ಇವುಗಳಲ್ಲೂ ಇವೆ. ಬ್ಯಾಟರಿಯನ್ನು ಮಾತ್ರ, ಚಾರ್ಜರ್ ಕಿತ್ತು ಅರ್ಧ ಗಂಟೆ ಓಡಿಸಿ ನೋಡದೆ ಹಣ ಕೊಡಬೇಡಿ.