ಮನೆವಾರ್ತೆ: ಮರದ ನೆಲವೋ, ವಿನೈಲೋ?

ಶಿರಾದಿಂದ ಸೋದರಿಯೊಬ್ಬರು ಬರೆದಿದ್ದಾರೆ. ಹಳೇ ಗಾರೆ ನೆಲ ಬಿರುಕು ಬಿಟ್ಟಿದೆಯಂತೆ. ಮಕ್ಕಳು ಮರದ ನೆಲ ಬೇಕು ಅಂತಾರೆ, ಯಜಮಾನರು ವಿನೈಲ್ ಸಾಕು ಅಂತಾರೆ, ಯಾವುದು ಹಾಕಿಸಲಿ ಅಂತ ಕೇಳಿದ್ದಾರೆ. ಹೋದ ವರ್ಷ ನಮ್ಮ ಮಧುರೆಯ ಮನೆಯಲ್ಲೂ ಇದೇ ಪಂಚಾಯಿತಿ ನಡೆಯಿತು. ಆದರೆ ಅದು ಶುರುವಾದದ್ದು ಸಂತೋಷಕ್ಕಲ್ಲ.

ಶ್ರಾವಣ ಶನಿವಾರ ಬಂತೆಂದರೆ ಶನಿಮಹಾತ್ಮನ ದರ್ಶನಕ್ಕೆ ಬರುವ ನೆಂಟರಿಗೆಲ್ಲ ನಮ್ಮ ಮನೆಯೇ ಛತ್ರ. ಹಾಗಾಗಿ ಹಿಂದಿನ ದಿನವೇ ನಡುಮನೆಯ ಕೆಂಪು ಗಾರೆ ನೆಲವನ್ನು ಉಜ್ಜಿ ತೊಳೆದು ಮಿರಮಿರ ಮಿಂಚುವ ಹಾಗೆ ಮಾಡಿಟ್ಟಿದ್ದೆ. ಬೆಳಿಗ್ಗೆ ಬಚ್ಚಲಿಂದ ಒದ್ದೆ ಕಾಲಲ್ಲಿ ಬಂದ ಅತ್ತೆ ಜಾರಿಬಿದ್ದರು. ಸೊಂಟದ ಮೂಳೆ ಮುರಿಯಿತು. ದೊಡ್ಡಬಳ್ಳಾಪುರಕ್ಕೆ ಓಡಿದೆವು, ಅಲ್ಲಿಂದ ಬೆಂಗಳೂರಿಗೆ, ಆಪರೇಷನ್ನೂ ಆಯಿತು. ಮನೆಗೆ ಬಂದಾಗ ಕೈಯಲ್ಲಿ ವಾಕರು. ಇನ್ನು ನೆಲದ ಮೇಲೆ ಕೂರಕೂಡದು ಅಂತ ಡಾಕ್ಟರ ಕಟ್ಟಪ್ಪಣೆ. ಐವತ್ತು ವರ್ಷ ಈಳಿಗೆಮಣೆ ಮುಂದೆ ಕೂತು ತರಕಾರಿ ಹೆಚ್ಚಿದವರಿಗೆ ಇದಕ್ಕಿಂತ ಶಿಕ್ಷೆ ಬೇಕೆ?

"ಈ ದರಿದ್ರ ನೆಲ ಕಿತ್ತಾಕ್ಸಮ್ಮ, ಅಜ್ಜಿಗೆ ಮರದ್ದು ಹಾಕ್ಸೋಣ" ಅಂದ ಮಗ. ಬೆಂಗಳೂರಲ್ಲಿ ಸ್ನೇಹಿತನ ಮನೆಯಲ್ಲಿ ನೋಡಿ ಬಂದಿದ್ದ. ಯಜಮಾನರು ದುಡ್ಡಿನ ಲೆಕ್ಕ ಹಾಕಿ ವಿನೈಲ್ ಅಂದರು. ನಾನು ಬಾಯಿ ಬಿಡಲಿಲ್ಲ.

ಅಂಗಡಿಗೆ ಹೋದೆವು. ಅಲ್ಲಿ ಮರದ ನೆಲ ಅಂತ ತೋರಿಸಿದ್ದರಲ್ಲಿ ಮೂರು ಜಾತಿ. ಪಾರ್ಕೆ ಅನ್ನೋದು ಗಟ್ಟಿಮರದ ಸಣ್ಣ ತುಂಡುಗಳನ್ನು ಚಾಪೆ ಹೆಣೆದ ಹಾಗೆ ಜೋಡಿಸುವುದು. ಇನ್ನೊಂದು, ಪ್ಲೈವುಡ್ ಮೇಲೆ ನಿಜವಾದ ಮರದ ತೆಳು ಪದರ ಅಂಟಿಸಿದ್ದು. ಮೂರನೆಯದು ಲ್ಯಾಮಿನೇಟ್, ಮರದ ನಾರು ಒತ್ತಿ ಮಾಡಿದ ಹಲಗೆ, ಮೇಲಿರುವುದು ಮರದ ಚಿತ್ರ ಅಷ್ಟೆ! ನೀರು ಕುಡಿದರೆ ಹಪ್ಪಳದ ಹಾಗೆ ಉಬ್ಬುತ್ತದೆ. ಅಂಗಡಿಯವರು ಮೂರಕ್ಕೂ 'ವುಡನ್ ಫ್ಲೋರಿಂಗ್' ಅಂದುಬಿಟ್ಟರು. ಮಾದರಿ ತುಂಡಿನ ಅಂಚು ತಿರುಗಿಸಿ ನೋಡಿ, ಒಳಗೇನಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಒಂದು ಸ್ವಾರಸ್ಯ ಹೇಳಲೇಬೇಕು. ಫ್ರಾನ್ಸ್ ದೇಶದ ವರ್ಸೇಲ್ಸ್ ಅರಮನೆಯಲ್ಲಿ 1684ರಲ್ಲಿ ಅಮೃತಶಿಲೆ ತೆಗೆಸಿ ಪಾರ್ಕೆ ಹಾಕಿಸಿದರು. ಯಾಕೆ ಗೊತ್ತೆ? ಕಲ್ಲನ್ನು ತೊಳೆದ ನೀರು ಇಳಿದು ಕೆಳಗಿನ ತೊಲೆಗಳು ಕೊಳೆಯುತ್ತಿದ್ದವಂತೆ. ಅಂದರೆ ನೀರು ಹಾಕಿ ತೊಳೆಯೋದು ತಪ್ಪಲಿ ಅಂತಲೇ ಮರ ಹಾಕಿದ್ದು. ನಾವೋ, ದಿನಾ ಬೆಳಿಗ್ಗೆ ಬಕೆಟ್ ಹಿಡಿದು ಒರೆಸುವವರು. ಸಾಲದ್ದಕ್ಕೆ ನಮ್ಮನೆ ಬಾಗಿಲ ಚೌಕಟ್ಟನ್ನು ಆಗಲೇ ಗೆದ್ದಲು ರುಚಿ ನೋಡಿದೆ. ಮರದ ಮಾತು ಅಲ್ಲಿಗೆ ಮುಗಿಯಿತು.

ವಿನೈಲ್ ಅಂದರೆ ನೀರಿನ ಪೈಪಿನ ಪಿ.ವಿ.ಸಿ.ಯೇ, ಬಗ್ಗುವ ಹಾಗೆ ಮೆದು ಮಾಡಿದ್ದು. ಒಂದು ಕೋಣೆಗೆ ಒಳ್ಳೇ ಮರ ಹಾಕಿಸುವ ದುಡ್ಡಿಗೆ ಮೂರು ಕೋಣೆಗೆ ಸುರುಳಿ ವಿನೈಲ್ ಬರುತ್ತದೆ. ನೀರಿಗೆ ಹೆದರದು, ಗೆದ್ದಲು ಹತ್ತದು. ಬೆಂಕಿ ಆಗದು. ಕಾದ ಬಾಣಲೆ ಇಟ್ಟರೆ, ಊದುಬತ್ತಿಯ ಕಿಡಿ ಬಿದ್ದರೆ ಕಲೆ ಹೋಗುವುದಿಲ್ಲ. ಅಡುಗೆಮನೆ, ದೇವರಮನೆಗೆ ನಾನಂತೂ ಹಾಕಿಸೆ. ರಬ್ಬರ್ ಅಡಿಯ ಕಾಲೊರಸು ಹಾಸಿದರೂ ಹಳದಿ ಕಲೆಯಾಗುತ್ತದೆ. ತೆಳು ಹಾಳೆಯಾದರೆ ಕೆಳಗಿನ ಗುಳಿ, ಬಿರುಕು ಎಲ್ಲಾ ಮೇಲೆ ಕಾಣುತ್ತದೆ; ಮೊದಲು ಸಿಮೆಂಟ್ ತುಂಬಿಸಿ ಮಟ್ಟ ಮಾಡಿಸಬೇಕು. ಎಲ್ಲಕ್ಕಿಂತ ದೊಡ್ಡ ಶತ್ರು ಕೆಳಗಿನಿಂದ ಏರುವ ತೇವ, ಅಂಟು ಬಿಟ್ಟು ಅಂಚು ಏಳುತ್ತದೆ. ವಾಕರಿನ ಕಾಲು ಅದಕ್ಕೆ ತಗುಲಿದರೆ?

ಅದಕ್ಕೆ ಮೇಸ್ತ್ರಿ ಹೇಳಿಕೊಟ್ಟ ಪರೀಕ್ಷೆ ಮಾಡಿದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪು ಅಂಟಿಸಿ ಎರಡು ದಿನ ಬಿಟ್ಟೆ. ಅತ್ತೆಯ ಕೋಣೆಯಲ್ಲಿ ಹಾಳೆಯಡಿ ಒಣಗಿತ್ತು. ನಡುಮನೆಯಲ್ಲಿ, ಬಚ್ಚಲ ಗೋಡೆಯ ಪಕ್ಕ, ಹನಿ ಕಟ್ಟಿತ್ತು.

"ಹಾಗಾದ್ರೆ ನಡುಮನೆ ಪೂರ್ತಿ ಅಗೆಸಿಬಿಡೋಣ, ಸಾಲ ಆದ್ರೂ ಪರ್ವಾಗಿಲ್ಲ" ಅಂದ ಮಗ. ಆಗ ತಡೆಯಲಾಗಲಿಲ್ಲ. ಜಾರಿಸಿದ್ದು ನೆಲವಲ್ಲ, ನಾನು. ಹೊಳಪು ಬರಲಿ ಅಂತ ತೊಳೆದ ಮೇಲೆ ಕೊಬ್ಬರಿ ಎಣ್ಣೆ ಬಟ್ಟೆಯಿಂದ ಒರೆಸಿದ್ದೆ. ಎರಡು ತಿಂಗಳು ಗಂಟಲಲ್ಲಿ ಮುಳ್ಳಿನ ಹಾಗೆ ಇಟ್ಟುಕೊಂಡಿದ್ದನ್ನು ಅಳುತ್ತಾ ಹೇಳಿಬಿಟ್ಟೆ. ಯಜಮಾನರು ಎದ್ದು ಹೊರಗೆ ಹೋದರು. ಮಂಚದ ಮೇಲಿಂದ ಅತ್ತೆ, "ನಂಗೊತ್ತಿಲ್ವೇನಮ್ಮ? ಬಿದ್ದಾಗ್ಲೇ ಕೈಗೆ ಎಣ್ಣೆ ಹತ್ತಿತ್ತು. ಒರ್ಸೋದು ನಿಂಗೆ ಕಲ್ಸಿದ್ದೂ ನಾನೇ ಅಲ್ವಾ" ಅಂದರು.

ಕೊನೆಗೆ ಅತ್ತೆಯ ಕೋಣೆಗೆ ಮಾತ್ರ ವಿನೈಲ್, ಹೊಳಪಿಲ್ಲದ, ತರಿತರಿ ಮೈಯದು. ಸುರುಳಿ ಎರಡು ಮೀಟರ್ ಅಗಲದ್ದಾದ್ದರಿಂದ ಒಂದು ಜೋಡಣೆ ಬಂತು. ಅದನ್ನು ಮಂಚದ ಕೆಳಗೆ ಬರುವಂತೆ ಹಾಕಿಸಿದೆವು. ಹೊಸಿಲಲ್ಲಿ ಎಡವದ ಹಾಗೆ ಚಪ್ಪಟೆ ಪಟ್ಟಿ. ನಡುಮನೆಯ ನೆಲವನ್ನು ಬಿಸಿನೀರು, ಸೋಪಿನಪುಡಿಯಲ್ಲಿ ಉಜ್ಜಿ ಎಣ್ಣೆ ತೆಗೆದು, ಬರೀ ನೀರಲ್ಲಿ ಎರಡು ಸಲ ಒರೆಸಿದೆ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಕಂಬಿ ಬಂತು, ಆಚೆ ಕಾಲು ಒರೆಸಲು ಒಂದು ಕುರ್ಚಿ. ಎಳ್ಳೆಣ್ಣೆ ದೀಪ ಹಚ್ಚಿ ಬರುವ ನೆಂಟರೂ ಈಗ ಬಾಗಿಲಲ್ಲೇ ಕಾಲು ತೊಳೆದು ಒರೆಸಿಕೊಂಡು ಒಳಗೆ ಬರಬೇಕು.

ಶಿರಾದ ಸೋದರಿ, ಮೊದಲು ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಮೊನ್ನೆ ಬಂದ ನಾದಿನಿ, "ಏನತ್ತಿಗೆ, ನೆಲ ಹಿಂಗೆ ಮಂಕಾಗಿದೆ?" ಅಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಕುರ್ಚಿಯಿಂದಲೇ, "ಇರ್ಲಿ ಬಿಡೇ, ನಡೆಯೋಕಾಗ್ತದೆ" ಅಂದರು.