ಬೆಳ್ಳಿತೆರೆಯ ಹಿಂದಿನ ನಾದ

ಚಲನಚಿತ್ರವನ್ನು ನೋಡಿ ಹೊರಗೆ ಬರುವ ಜನರು ನಾಯಕನ ಸಾಹಸವನ್ನು ಕುರಿತು ಮಾತನಾಡುತ್ತಾರೆ. ಕಥೆಯ ತಿರುವುಗಳನ್ನು ಕುರಿತು ಚರ್ಚಿಸುತ್ತಾರೆ. ಹಾಡುಗಳಿದ್ದರೆ ಅವನ್ನು ಗುನುಗಿಕೊಂಡು ಮನೆಗೆ ಹೋಗುತ್ತಾರೆ. ಹಾಡಿನ ಹಂಗಿಲ್ಲದೆ ಚಿತ್ರದ ಉದ್ದಕ್ಕೂ ಹರಿದ ಹಿನ್ನೆಲೆ ಸಂಗೀತವನ್ನು ನೆನೆಯುವವರು ವಿರಳ. ನೆನೆಯುವವರಲ್ಲಿಯೂ ಅನೇಕರಿಗೆ ಅದರ ವಿಷಯದಲ್ಲಿ ಒಂದು ಬಗೆಯ ತಾತ್ಸಾರವುಂಟು. ಸಂಗೀತವೆಂದರೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಮತ್ತೊಬ್ಬರ ಕಥೆಗೆ ಊಳಿಗ ಮಾಡುವ ಸಂಗೀತ ಎರಡನೆಯ ದರ್ಜೆಯದು ಎಂಬುದು ಅವರ ವಾದ. ಈ ವಾದವನ್ನು ತನ್ನ ಗುರುಕುಲದಲ್ಲಿಯೇ ಕೇಳಿ, ಅರೆಮನಸ್ಸಿನಿಂದ ಅದನ್ನು ನಂಬಿ, ಆ ನಂಬಿಕೆಯ ನೋವನ್ನು ಹೊತ್ತುಕೊಂಡೇ ದುಡಿದ ಮಹಾಸಂಗೀತಕಾರರೊಬ್ಬರು ಇಟಲಿಯಲ್ಲಿದ್ದರು. ಅವರ ಹೆಸರು ಎನ್ನಿಯೊ ಮೊರಿಕೋನೆ. ಆ ವಾದ ಎಷ್ಟು ಟೊಳ್ಳೆಂಬುದಕ್ಕೆ ಅವರ ಬಾಳಿಗಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಮೊರಿಕೋನೆ ಹುಟ್ಟಿದ್ದು 1928ರ ನವೆಂಬರ್ 10ರಂದು, ರೋಮ್ ನಗರದಲ್ಲಿ. ತಂದೆ ಮಾರಿಯೊ ಅವರು ಟ್ರಂಪೆಟ್ ಎಂಬ ಪಾಶ್ಚಾತ್ಯ ಕಹಳೆಯನ್ನು ನುಡಿಸಿ ಸಂಸಾರವನ್ನು ಸಾಗಿಸುತ್ತಿದ್ದರು. ಮಗನೂ ಅದೇ ವಾದ್ಯವನ್ನು ಹಿಡಿಯಬೇಕೆಂಬುದು ಅವರ ಇಚ್ಛೆ, ಹಾಗೆಯೇ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೋಮಿನಲ್ಲಿ ಅನ್ನಕ್ಕೆ ತತ್ವಾರವಿತ್ತು. ಹದಿಹರೆಯದ ಎನ್ನಿಯೊ ಪರದೇಶದ ಸೈನಿಕರ ಮುಂದೆ ಟ್ರಂಪೆಟ್ ನುಡಿಸಿ, ಹಣಕ್ಕೆ ಬದಲಾಗಿ ಆಹಾರವನ್ನು ಪಡೆದು ಮನೆಗೆ ತರಬೇಕಾಯಿತು. ಹೊಟ್ಟೆಪಾಡಿಗಾಗಿ ನುಡಿಸುವುದರಲ್ಲಿ ಅವಮಾನವಿದೆಯೆಂದು ಆ ಹುಡುಗನಿಗೆ ಅನ್ನಿಸಿತು. ಅನ್ನ ತಂದುಕೊಡುವ ವಿದ್ಯೆಯನ್ನು ಕುರಿತು ನಾಚುವುದು ನ್ಯಾಯವಲ್ಲ. ಆದರೆ ಎಳೆಯ ಮನಸ್ಸಿಗೆ ತಗುಲಿದ ಗಾಯ ನ್ಯಾಯವನ್ನು ಕೇಳುವುದಿಲ್ಲ.

ರೋಮಿನ ಸಾಂತಾ ಚೆಚಿಲಿಯಾ ಸಂಗೀತ ವಿದ್ಯಾಲಯದಲ್ಲಿ ಗೊಫ್ರೆದೊ ಪೆತ್ರಾಸ್ಸಿ ಎಂಬ ಶ್ರೇಷ್ಠ ಗುರುವಿನ ಬಳಿ ಅವರು ಸಂಗೀತ ರಚನೆಯನ್ನು ಕಲಿತು, 1954ರಲ್ಲಿ ಪದವಿ ಪಡೆದರು. ಆ ಗುರುವಿನ ಶಿಷ್ಯರೆಲ್ಲ ಗಂಭೀರ ಸಂಗೀತಕ್ಕೆ ಮುಡಿಪಾದವರು; ಸಿನಿಮಾ ಎಂದರೆ ಅವರಿಗೆ ಅಷ್ಟಕ್ಕಷ್ಟೆ. 1956ರಲ್ಲಿ ಮಾರಿಯಾ ಎಂಬುವರನ್ನು ಮದುವೆಯಾದ ಮೊರಿಕೋನೆಗೆ ಸಂಸಾರದ ಹೊಣೆ ಬಿತ್ತು. ಧ್ವನಿಮುದ್ರಣ ಸಂಸ್ಥೆಯೊಂದಕ್ಕೆ ಜನಪ್ರಿಯ ಗೀತೆಗಳ ವಾದ್ಯಸಂಯೋಜನೆಯನ್ನು ಮಾಡಿಕೊಡುವ ಕೆಲಸಕ್ಕೆ ಅವರು ಸೇರಿದರು. ಅಲ್ಲಿಯೂ ಅವರ ಬುದ್ಧಿ ಸುಮ್ಮನಿರಲಿಲ್ಲ. ಒಂದು ಗೀತೆಯಲ್ಲಿ ತಗಡಿನ ಡಬ್ಬದ ಸದ್ದನ್ನೇ ಸಂಗೀತವಾಗಿ ಬಳಸಿದರು!

1964ರಲ್ಲಿ ಸೆರ್ಜಿಯೊ ಲಿಯೋನೆ ಎಂಬ ನಿರ್ದೇಶಕರು ಅವರನ್ನು ಹುಡುಕಿಕೊಂಡು ಬಂದರು. ಇಬ್ಬರೂ ಪ್ರಾಥಮಿಕ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಕುಳಿತಿದ್ದವರೆಂಬ ಸಂಗತಿ ಆಗ ಹೊರಬಿದ್ದಿತು. ಲಿಯೋನೆ ತಯಾರಿಸುತ್ತಿದ್ದುದು ಅಮೆರಿಕದ ಪಶ್ಚಿಮ ಗಡಿನಾಡಿನ ಕುದುರೆ ಸವಾರರ, ಬಂದೂಕುಗಾರರ ಕಥೆ. ಹೆಸರು ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’. ಇಟಲಿಯ ಚಿತ್ರವೆಂದು ತಿಳಿದರೆ ಪ್ರೇಕ್ಷಕರು ಬರಲಾರರೆಂದು ತಂಡದ ಹಲವರು ಇಂಗ್ಲಿಷ್ ಹೆಸರುಗಳನ್ನು ಇಟ್ಟುಕೊಂಡರು. ಮೊರಿಕೋನೆ ‘ಡ್ಯಾನ್ ಸೇವಿಯೊ’ ಆದರು. ಗುರುವಿನ ಹಾಗೂ ಸಹಪಾಠಿಗಳ ಕಣ್ಣಿಗೆ ಬೀಳಲು ಅಳುಕುತ್ತಿದ್ದವರಿಗೆ ಆ ಮರೆ ಅನುಕೂಲವೇ ಆಗಿದ್ದಿರಬೇಕು.

ಚಿತ್ರಕ್ಕೆ ಹಣ ಕಡಿಮೆ. ಅಮೆರಿಕದ ಚಿತ್ರಗಳಂತೆ ದೊಡ್ಡ ವಾದ್ಯವೃಂದವನ್ನು ಕೂಡಿಸುವುದು ಸಾಧ್ಯವಿರಲಿಲ್ಲ. ಮೊರಿಕೋನೆ ಏನು ಮಾಡಿದರು? ಒಬ್ಬ ಗೆಳೆಯನಿಂದ ಸಿಳ್ಳೆ ಹಾಕಿಸಿದರು. ಚಾಟಿಯ ಛಟೀರೆಂಬ ಹೊಡೆತ, ಗಂಟೆಯ ನಾದ, ವಿದ್ಯುತ್ ಗಿಟಾರಿನ ಮೊನಚು ದನಿ, ಇವೆಲ್ಲವನ್ನೂ ಸ್ವರಗಳ ನಡುವೆ ಕೂರಿಸಿದರು. ಮರುವರ್ಷದ ಚಿತ್ರದಲ್ಲಿ, ಕರ್ನಾಟಕ ಸಂಗೀತದ ಕಚೇರಿಗಳಲ್ಲಿ ಮೃದಂಗದ ಪಕ್ಕದಲ್ಲಿ ಕೇಳಿಬರುವ ಮೋರ್ಚಿಂಗಿನಂಥದೇ ವಾದ್ಯವೊಂದನ್ನು ಬಳಸಿದರು. 1966ರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಚಿತ್ರದಲ್ಲಿ ಕಾಡುತೋಳದ ಊಳನ್ನು ನೆನಪಿಸುವ ಎರಡೇ ಸ್ವರಗಳ ಸುತ್ತ ಇಡೀ ರಚನೆಯನ್ನು ಕಟ್ಟಿದರು. ಅದೇ ಸ್ವರಗುಚ್ಛವನ್ನು ಒಬ್ಬ ಪಾತ್ರಕ್ಕೆ ಕೊಳಲು ನುಡಿಯುತ್ತದೆ, ಮತ್ತೊಬ್ಬನಿಗೆ ಮಣ್ಣಿನ ಒಕಾರಿನಾ ನುಡಿಯುತ್ತದೆ, ಮೂರನೆಯವನಿಗೆ ಮನುಷ್ಯರ ಕಂಠವೇ ನುಡಿಯುತ್ತದೆ. ಕೊರತೆಯೇ ಕಲ್ಪನೆಗೆ ಬಾಗಿಲು ತೆರೆದ ಸಂದರ್ಭವಿದು. ಬೇಕಾದಷ್ಟು ಹಣವೂ ಸ್ವಾತಂತ್ರ್ಯವೂ ಇದ್ದಿದ್ದರೆ ಆ ಸಿಳ್ಳೆ ಹುಟ್ಟುತ್ತಿತ್ತೆ ಎಂಬುದು ಸಂದೇಹ.

ಕಥೆಗೆ ಒಳಪಟ್ಟ ಸಂಗೀತ ಕೀಳೆನ್ನುವವರು ಒಮ್ಮೆ ಯಕ್ಷಗಾನದ ರಂಗಸ್ಥಳದತ್ತ ನೋಡಬೇಕು. ಅಲ್ಲಿ ಭಾಗವತರ ಪದ, ಚಂಡೆ, ಮದ್ದಳೆ ಎಲ್ಲವೂ ಪ್ರಸಂಗಕ್ಕೆ ಅಧೀನ. ವೇಷಧಾರಿಯ ಹೆಜ್ಜೆಗೆ ಅವು ಓಗೊಡಬೇಕು. ಆ ಕಾರಣದಿಂದ ಭಾಗವತರನ್ನು ಎರಡನೆಯ ದರ್ಜೆಯ ಕಲಾವಿದರೆಂದು ಕರೆಯುವ ಧೈರ್ಯ ಯಾರಿಗಿದೆ? ವೇಷಧಾರಿಯನ್ನು ಕುಣಿಸುವವರೂ ಅವರೇ ಅಲ್ಲವೆ? ಮೊರಿಕೋನೆಯವರ ವಿಷಯದಲ್ಲಿಯೂ ಹೀಗೆಯೇ ಆಯಿತು. 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ ಚಿತ್ರಕ್ಕೆ ಅವರು ಚಿತ್ರೀಕರಣಕ್ಕೆ ಮೊದಲೇ ಸಂಗೀತವನ್ನು ರಚಿಸಿಕೊಟ್ಟರು. ಲಿಯೋನೆ ಅದನ್ನು ಚಿತ್ರೀಕರಣದ ಸ್ಥಳದಲ್ಲಿ ನುಡಿಸಿದರು; ನಟರೂ ಕ್ಯಾಮರವೂ ಅದರ ಲಯವನ್ನು ಅನುಸರಿಸಿದರು. ಸೇವಕನೆನಿಸಿಕೊಂಡ ಸಂಗೀತ ಇಲ್ಲಿ ಮುಂದಾಳಾಯಿತು. ಆದರೆ ಅದೇ ಚಿತ್ರದ ಆರಂಭದ ದೀರ್ಘ ದೃಶ್ಯದಲ್ಲಿ ಒಂದು ವಾದ್ಯವೂ ಮಿಡಿಯುವುದಿಲ್ಲ. ಹಾಳುಬಿದ್ದಂಥ ರೈಲು ನಿಲ್ದಾಣದಲ್ಲಿ ಮೂವರು ಬಂದೂಕುಗಾರರು ಕಾಯುತ್ತಿದ್ದಾರೆ. ಗಾಳಿಯಂತ್ರದ ಕಿರುಗುಟ್ಟುವಿಕೆ, ಟೋಪಿಯ ಮೇಲೆ ತೊಟ್ಟಿಕ್ಕುವ ನೀರಿನ ಹನಿ, ಒಂದು ನೊಣದ ಗುಂಯ್‌ಗಾನ, ಇಷ್ಟೇ ಅಲ್ಲಿನ ಸಂಗೀತ. ಎಲ್ಲಿ ನುಡಿಸಬಾರದೆಂಬುದನ್ನು ಅರಿಯುವುದು ಎಲ್ಲಿ ನುಡಿಸಬೇಕೆಂಬುದನ್ನು ಅರಿಯುವುದಕ್ಕಿಂತ ಕಷ್ಟ.

ಅವರ ಕೆಲಸದ ಕ್ರಮವೂ ಗಮನಾರ್ಹ. ನಸುಕಿನಲ್ಲೆದ್ದು ಮೇಜಿನ ಮುಂದೆ ಕುಳಿತು, ಪಿಯಾನೊವಿನ ನೆರವಿಲ್ಲದೆ, ಪ್ರತಿಯೊಂದು ವಾದ್ಯದ ಪಾಲನ್ನೂ ಕಾಗದದ ಮೇಲೆ ನೇರವಾಗಿ ಬರೆಯುತ್ತಿದ್ದರು. ವಾದ್ಯಸಂಯೋಜನೆಯನ್ನು ಬೇರೆಯವರಿಗೆ ಬಿಡುವುದು ಹಾಲಿವುಡ್ಡಿನಲ್ಲಿ ರೂಢಿ. ಮೊರಿಕೋನೆ ಅದಕ್ಕೆ ಒಪ್ಪಲಿಲ್ಲ. ಹಾಲಿವುಡ್ಡಿನಲ್ಲಿ ನೆಲಸುವ ಆಹ್ವಾನ ಬಂದಾಗಲೂ ರೋಮನ್ನು ಬಿಡಲಿಲ್ಲ. ರಚಿಸಿದ ರಾಗಗಳನ್ನು ನಿರ್ದೇಶಕರಿಗೆ ತೋರಿಸುವ ಮೊದಲು ಪತ್ನಿ ಮಾರಿಯಾ ಅವರಿಗೆ ಕೇಳಿಸುತ್ತಿದ್ದರು. ಮಾರಿಯಾ ಸಂಗೀತ ವಿದ್ವಾಂಸರಲ್ಲ; ಅವರ ತೀರ್ಪಿಗೆ ಬೆಲೆಯಿದ್ದುದು ಆ ಕಾರಣದಿಂದಲೇ.

ಇನ್ನೊಂದು ಸಂಗತಿ. ತಂದೆಗೆ ವಯಸ್ಸಾಗಿ, ಟ್ರಂಪೆಟ್ಟಿನ ಮೇಲಿನ ಹಿಡಿತ ಸಡಿಲವಾಯಿತು. ಬೇರೊಬ್ಬ ವಾದಕನನ್ನು ಕರೆಸಿದರೆ ತಂದೆಯ ಮನಸ್ಸು ನೊಂದೀತು. ತಂದೆಯಿಂದಲೇ ನುಡಿಸಿದರೆ ಸಂಗೀತ ಕೆಟ್ಟೀತು. ಮಗ ಕಂಡುಕೊಂಡ ಉಪಾಯ ಸರಳವಾದುದು: ತಂದೆ ಬದುಕಿರುವವರೆಗೆ ತನ್ನ ರಚನೆಗಳಲ್ಲಿ ಟ್ರಂಪೆಟ್ಟನ್ನೇ ಬರೆಯದೆ ಬಿಟ್ಟುಬಿಡುವುದು. ಕೇಳುಗರಿಗೆ ಈ ಮೌನದ ಅರ್ಥ ತಿಳಿಯುವಂತಿರಲಿಲ್ಲ.

ಚಲನಚಿತ್ರ, ದೂರದರ್ಶನಗಳಿಗೆಂದು ಮೊರಿಕೋನೆ 400ಕ್ಕೂ ಹೆಚ್ಚು ಸಂಗೀತ ರಚನೆಗಳನ್ನು ಮಾಡಿದರು. ಅವೆಲ್ಲವೂ ರತ್ನಗಳೆಂದು ಹೇಳುವುದು ಸತ್ಯಕ್ಕೆ ದೂರ. ಅನೇಕ ಚಿತ್ರಗಳೂ ಅವುಗಳ ಸಂಗೀತವೂ ಮರೆತುಹೋಗಿವೆ. ಕಚೇರಿಗೆಂದು ಬರೆದ ಸ್ವತಂತ್ರ ರಚನೆಗಳೂ ನೂರಕ್ಕೆ ಮಿಕ್ಕಿವೆ. ಅವುಗಳಿಂದಲೇ ತನ್ನನ್ನು ಅಳೆಯಬೇಕೆಂಬ ಆಸೆ ಅವರಿಗಿತ್ತು. ಲೋಕ ಅಳೆದುದು ಬೇರೆ ಕೋಲಿನಿಂದ. 1986ರ ‘ದಿ ಮಿಷನ್’ ಚಿತ್ರವನ್ನು ಮೊದಲು ಸಂಗೀತವಿಲ್ಲದೆ ನೋಡಿದಾಗ ಕಣ್ಣೀರಿಟ್ಟು, ಇದಕ್ಕೆ ಸಂಗೀತ ಸೇರಿಸಿದರೆ ಕೆಡಿಸಿದಂತಾದೀತೆಂದು ಅವರು ಹಿಂಜರಿದಿದ್ದರು. ಕೊನೆಗೆ ಒಪ್ಪಿ ಬರೆದ ಓಬೋ ವಾದ್ಯದ ರಾಗ ಜಗತ್ತಿನ ಮನೆಮಾತಾಯಿತು. ಆಸ್ಕರ್ ಪ್ರಶಸ್ತಿ ಮಾತ್ರ ಆ ವರ್ಷ ಕೈತಪ್ಪಿತು. ಆ ಕೊರಗು ಅವರಿಂದ ಬೇಗ ದೂರವಾಗಲಿಲ್ಲ. 2007ರಲ್ಲಿ ಗೌರವ ಆಸ್ಕರ್ ಬಂದಿತು. ಸ್ಪರ್ಧೆಯಲ್ಲಿ ಗೆದ್ದ ಪ್ರಶಸ್ತಿ ಬಂದುದು 2016ರಲ್ಲಿ, 87ನೆಯ ವಯಸ್ಸಿನಲ್ಲಿ!

ಅದಕ್ಕಿಂತ ಹೆಚ್ಚಿನ ಪ್ರಶಸ್ತಿಯೊಂದು ಬಹಳ ಹಿಂದೆಯೇ ಬಂದಿತ್ತೆನ್ನಬೇಕು. ಪೆತ್ರಾಸ್ಸಿಯವರ ಬಳಿ ಜೊತೆಯಲ್ಲಿ ಕಲಿತ ಸಂಗೀತಕಾರರೊಬ್ಬರು, ಲಿಯೋನೆಯವರ 1984ರ ‘ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ’ ಚಿತ್ರದ ಸಂಗೀತವನ್ನು ಕೇಳಿದ ಮೇಲೆ, ಹಿಂದಿನ ತಮ್ಮ ಧೋರಣೆಗಾಗಿ ಕ್ಷಮೆ ಕೋರಿ ಅವರಿಗೆ ಪತ್ರ ಬರೆದರು.

2020ರ ಜುಲೈ 6ರಂದು, ಬಿದ್ದು ತೊಡೆಯ ಮೂಳೆ ಮುರಿದ ಕೆಲವು ದಿನಗಳಲ್ಲಿ, ಮೊರಿಕೋನೆ ರೋಮಿನಲ್ಲಿ ತೀರಿಕೊಂಡರು. ತನ್ನ ಮರಣದ ಸುದ್ದಿಯನ್ನು ಅವರು ತಾವೇ ಮೊದಲು ಬರೆದಿಟ್ಟಿದ್ದರು. ಯಾರಿಗೂ ತೊಂದರೆ ಕೊಡುವ ಮನಸ್ಸಿಲ್ಲವಾದ್ದರಿಂದ ಅಂತ್ಯಕ್ರಿಯೆ ಮನೆಯವರ ಮಟ್ಟಿಗೆ ನಡೆಯಲೆಂದು ಅದರಲ್ಲಿ ಕೇಳಿಕೊಂಡಿದ್ದರು. ಮಿತ್ರರನ್ನು, ಅಕ್ಕತಂಗಿಯರನ್ನು, ಮಕ್ಕಳು ಮೊಮ್ಮಕ್ಕಳನ್ನು ನೆನೆದಿದ್ದರು. ಎಲ್ಲಕ್ಕಿಂತ ದುಃಖದ ವಿದಾಯವನ್ನು ಕೊನೆಗೆ ಉಳಿಸಿಕೊಂಡಿದ್ದರು. ಅದು ಮಾರಿಯಾ ಅವರಿಗೆ ಮೀಸಲಾಗಿತ್ತು.